ಹಳದಿ ಹಗ್ಗ ಮನೆಗೆ ಬಂದದ್ದು

ಜಡೆ ಕೋಲಾಟ ಕಲಿಸುವವರಿಗೆ ಒಂದು ಅನುಕೂಲವಿದೆ. ಹಾಡಿನಲ್ಲಿ ಶ್ರುತಿ ತಪ್ಪಿದರೆ 'ಇಲ್ಲ, ಸರಿಯಾಗೇ ಹಾಡಿದೆ' ಎಂದು ವಾದ ಮಾಡಬಹುದು. ಹೆಜ್ಜೆ ತಪ್ಪಿದರೆ ಪಕ್ಕದವಳ ತಲೆಗೆ ಕಟ್ಟಬಹುದು. ಜಡೆಯಲ್ಲಿ ಆ ಆಟ ನಡೆಯುವುದಿಲ್ಲ. ತಪ್ಪಿದ್ದೆಲ್ಲ ಹೆಣೆದುಕೊಂಡು ಮೇಲೆ ನೇತಾಡುತ್ತಿರುತ್ತದೆ, ಯಾರು ಬೇಕಾದರೂ ಕತ್ತೆತ್ತಿ ನೋಡಬಹುದು.

ಕಂಡಿಲ್ಲದವರಿಗೆ ಹೇಳುತ್ತೇನೆ. ಎತ್ತರದಲ್ಲಿ ಒಂದು ಮರದ ಬಿಲ್ಲೆ ತೂಗುಹಾಕಿ ಅದರಿಂದ ಎಂಟು ಬಣ್ಣದ ಹಗ್ಗ ಇಳಿಬಿಡುತ್ತೇವೆ. ಆಡುವವರು ಎಂಟು ಜನ. ಒಬ್ಬೊಬ್ಬರ ಎಡಗೈಯಲ್ಲಿ ಒಂದು ಹಗ್ಗ, ಬಲಗೈಯಲ್ಲಿ ಒಂದು ಕೋಲು. ನಾಲ್ವರು ಬಲಕ್ಕೆ ಸುತ್ತುತ್ತಾರೆ, ನಾಲ್ವರು ಎಡಕ್ಕೆ. ಇಬ್ಬರು ಎದುರಾದಾಗ ಕೋಲಿಗೆ ಕೋಲು ತಾಕಿಸಿ ಒಬ್ಬಳು ಒಳಗಿನಿಂದ, ಇನ್ನೊಬ್ಬಳು ಹೊರಗಿನಿಂದ ಹಾಯಬೇಕು. ಒಳದಾರಿಗೆ ನಮ್ಮಲ್ಲಿ 'ಮನೆ' ಎನ್ನುತ್ತೇವೆ, ಹೊರದಾರಿಗೆ 'ಬೀದಿ'. ಈಗ ಮನೆಯಿಂದ ಹಾದವಳು ಮುಂದಿನವಳು ಸಿಕ್ಕಾಗ ಬೀದಿಯಿಂದ ಹಾಯಬೇಕು. ಹೀಗೆ ಸುತ್ತುತ್ತಾ ಹೋದಂತೆ ಮೇಲಿನಿಂದ ಜಡೆ ಹೆಣೆದುಕೊಂಡು ಇಳಿಯುತ್ತದೆ. ಹಗ್ಗ ಮೋಟಾದಾಗ ಎಲ್ಲರೂ ತಿರುಗಿ, ಬಂದ ದಾರಿಯಲ್ಲೇ ವಾಪಸು ಹೋದರೆ ಅದೇ ಜಡೆ ಬಿಚ್ಚಿಕೊಳ್ಳುತ್ತದೆ. ಒಬ್ಬಳು ಒಂದು ಸಲ ಮನೆ ಬಿಟ್ಟು ಬೀದಿಗೆ ಹೋದಳೋ, ಬಿಚ್ಚುವಾಗ ಗಂಟು.

ಈ ವಿದ್ಯೆ ನನಗೆ ಅಪ್ಪನಿಂದ ಬಂದದ್ದು, ಅಪ್ಪನ ಕಟ್ಟುನಿಟ್ಟೂ ಜೊತೆಗೇ ಬಂತು. ನಮ್ಮ ಕಡೆ ಕೋಲಾಟದ ಗುರು ಒಂದು ಊರಿಗೆ ಹೋಗಿ, ಸುಗ್ಗಿಯ ಆಸುಪಾಸು ದಿನಾ ಸಂಜೆ ಕಲಿಸಿ, ಕೊನೆಗೆ ಗೆಜ್ಜೆ ಪೂಜೆ ಮಾಡಿಸಿ ಬರುತ್ತಾರೆ. ಅಪ್ಪನ ಕಟ್ಟು ಏನೆಂದರೆ, ಆ ದಿನ ಊರೆದುರು ಮೊದಲು ಗೆಜ್ಜೆಯಿಲ್ಲದ ಕಾಲಿನಲ್ಲಿ ಜಡೆ ಹೆಣೆದು ಬಿಚ್ಚಬೇಕು. ಗಂಟಿಲ್ಲದೆ ಬಿಚ್ಚಿಕೊಂಡರೆ ಗುರು ತನ್ನ ಕೈಯಾರೆ ಎಲ್ಲರ ಕಾಲಿಗೂ ಗೆಜ್ಜೆ ಕಟ್ಟುವುದು. ಗಂಟು ಉಳಿದರೆ ಆ ವರ್ಷ ಯಾರಿಗೂ ಗೆಜ್ಜೆಯಿಲ್ಲ. ಒಬ್ಬಳ ತಪ್ಪಾದರೂ ಇಡೀ ತಂಡಕ್ಕೇ ಇಲ್ಲ.

ಹೋದ ಸಲ ನನ್ನನ್ನು ಕರೆದದ್ದು ಕೆಜಿಎಫ್‌ನಿಂದ ಬೇತಮಂಗಲಕ್ಕೆ ಹೋಗುವ ರಸ್ತೆಯಿಂದ ಒಂದಿಷ್ಟು ಒಳಗಿರುವ ಊರಿನ ಮಹಿಳಾ ಸಂಘ. ಸಂಘದ ಅಧ್ಯಕ್ಷೆ ಗಟ್ಟಿಗಿತ್ತಿ. ಮೂರು ಹಸು ಕಟ್ಟಿಕೊಂಡು, ಊರಿನ ಮದುವೆ-ಮುಂಜಿಗೆಲ್ಲ ಮುಂದೆ ನಿಂತು, ಎಲ್ಲರ ಕಷ್ಟಕ್ಕೂ ಓಡುವ ಹೆಂಗಸು. ಅವಳಿಗೆ ನಾನು ಒಂದೇ ಷರತ್ತು ಹಾಕಿದೆ. ಕಲಿಯುತ್ತೇನೆ ಎಂದು ಯಾರು ಬಂದರೂ ಹಿಂದಕ್ಕೆ ಕಳಿಸುವ ಹಾಗಿಲ್ಲ. 'ಅಯ್ಯೋ, ಯಾರ್ ಬತ್ತಾರೆ ಮೇಡಮ್ಮ, ಎಂಟ್ ಜನ ಸೇರುದ್ರೆ ದೊಡ್ದು' ಎಂದು ನಕ್ಕು ಒಪ್ಪಿಕೊಂಡಳು.

ಮೊದಲ ಸಂಜೆ, ಡೈರಿಗೆ ಹಾಲು ಹಾಕಿ ಅಧ್ಯಕ್ಷೆಯೂ ಸೇರಿ ಐದು ಜನ ಬಂದರು. ಅವರ ಹಿಂದೆ ಇನ್ನೂ ಮೂವರು ಬಂದರು, ಅಧ್ಯಕ್ಷೆಯ ಮುಖ ಚಿಕ್ಕದಾಯಿತು.

ಒಬ್ಬಳು ಮಾರಿಕುಪ್ಪಂನಿಂದ ಈ ಊರಿಗೆ ಸೊಸೆಯಾಗಿ ಬಂದವಳು. ಹುಟ್ಟಿನಿಂದ ಕಣ್ಣಿಲ್ಲ. ಮನೆಮಾತು ತಮಿಳು, ಕನ್ನಡ ಇಲ್ಲಿ ಬಂದ ಮೇಲೆ ಕಲಿತದ್ದು. ಮನೆಯ ಹಸುಗಳ ಹಾಲು ಕರೆಯುವುದೇ ಅವಳು. ಇನ್ನೊಬ್ಬಳು ಒಬ್ಬ ಅಜ್ಜಿಯ ಮೊಮ್ಮಗಳು. ಇಪ್ಪತ್ತು ದಾಟಿದ್ದರೂ ಬುದ್ಧಿ ಮಗುವಿನದು, ಎಣಿಕೆ ಬಾರದು, ಸಿಕ್ಕವರನ್ನೆಲ್ಲ ತಬ್ಬಿಕೊಳ್ಳುತ್ತಾಳೆ. ಮೂರನೆಯವಳು ಊರಿನ ಟೈಲರ್. ಟೊಮ್ಯಾಟೊ ಬಿಡಿಸಲು ಕೂಲಿಗೆ ಹೋಗುವಾಗ ಟೆಂಪೋ ಮಗುಚಿ, ಸೊಂಟದ ಕೆಳಗೆ ಸ್ವಾಧೀನ ಹೋಗಿ ಗಾಲಿಕುರ್ಚಿಗೆ ಬಂದವಳು. ಆಮೇಲೆ ಹೊಲಿಗೆ ಕಲಿತು, ಕೈಯಲ್ಲೇ ಸ್ವಿಚ್ಚು ಒತ್ತುವ ಮಿಷನ್ ಇಟ್ಟುಕೊಂಡಿದ್ದಾಳೆ.

'ಸುತ್ತಮುತ್ಲೂರ್ ಕೋಲಾಟದವ್ರಿಗೆಲ್ಲ ರವಿಕೆ ನಾನೇ ಒಲ್ದಿರೋದು ಮೇಡಮ್ಮ' ಎಂದಳು ಟೈಲರ್. 'ಒಂದೇ ಬಣ್ಣ, ಒಂದೇ ಅಂಚು. ಯಾರ್ ಅಳ್ತೆ ಬೇಕಾದ್ರೂ ಬಾಯಲ್ಲೇ ಏಳ್ತೀನಿ. ನನ್ ಅಳ್ತೇದು ಒಂದೂ ಒಲ್ದಿಲ್ಲ. ಈ ಸಲ ಒಂದು ಒಲ್ಕೋಬೇಕು.'

ಅವಳು ಮುಖದಲ್ಲಿ ಯಾವ ಗೋಗರೆತವನ್ನೂ ಇಟ್ಟುಕೊಳ್ಳದೆ, ಅಂಗಡಿಯಲ್ಲಿ ಬಟ್ಟೆ ಕೇಳುವ ಹಾಗೆ ಕೇಳಿದ್ದು ನನಗೆ ಬಹಳ ಇಷ್ಟವಾಯಿತು. ಹಳದಿ ಹಗ್ಗ ತೆಗೆದು ಅವಳ ಕೈಗೆ ಕೊಟ್ಟೆ. ಅಧ್ಯಕ್ಷೆ ಹಸಿರು ಹಿಡಿದಳು, ಮೊಮ್ಮಗಳು ಕೆಂಪು ಕಿತ್ತುಕೊಂಡಳು, ಮಾರಿಕುಪ್ಪಂ ಸೊಸೆಗೆ ನೀಲಿ.

ಕೊಡುವಾಗ ಇದ್ದ ಹುಮ್ಮಸ್ಸು ಒಂದು ಸುತ್ತಿಗೇ ಇಳಿಯಿತು. ಭಜನೆ ಮಂದಿರದ ಪಕ್ಕದ ಹೊಂಗೆ ಮರಕ್ಕೆ ಬಿಲ್ಲೆ ಕಟ್ಟಿದ್ದೆವು. ಕೆಳಗೆಲ್ಲ ಸಡಿಲ ಮಣ್ಣು, ಕುರ್ಚಿಯ ಮುಂದಿನ ಪುಟ್ಟ ಚಕ್ರಗಳು ಹೂತುಕೊಂಡವು. ಊರಿನ ಸಮುದಾಯ ಭವನ ಅರ್ಧ ಕಟ್ಟಿ ನಿಂತಿತ್ತು. ಬಣ್ಣವಿಲ್ಲ, ಕಿಟಕಿಗೆ ಬಾಗಿಲಿಲ್ಲ, ಆದರೆ ಸಿಮೆಂಟಿನ ನೆಲ ನುಣ್ಣಗಿತ್ತು. ಮೇಲೆ ಫ್ಯಾನಿಗೆಂದು ಬಿಟ್ಟ ಕಬ್ಬಿಣದ ಕೊಕ್ಕೆ ಇತ್ತು. ಫ್ಯಾನು ಯಾವ ಕಾಲಕ್ಕೆ ಬರುತ್ತದೋ, ನಾವು ಬಿಲ್ಲೆ ತೂಗುಹಾಕಿದೆವು.

ಮುಂದಿನ ತೊಡಕು ಕೈಗಳದ್ದು. ಕುರ್ಚಿ ತಳ್ಳಲು ಎರಡೂ ಕೈ ಬೇಕು, ಕೋಲಾಟಕ್ಕೂ ಎರಡೂ ಕೈ ಬೇಕು. ಅಧ್ಯಕ್ಷೆ ತನ್ನ ಮಗಳನ್ನು ಹಿಂದೆ ತಳ್ಳಲು ನಿಲ್ಲಿಸಿದಳು. ಹಗ್ಗವೇ ಇಲ್ಲದ ಒಂಬತ್ತನೆಯ ತಲೆ ಸುತ್ತಿನೊಳಗೆ ಬಂದರೆ ಏನಾಗುತ್ತದೆ? ಬಿಳಿ ಹಗ್ಗ ಆ ಹುಡುಗಿಯ ಕತ್ತಿಗೇ ಬಿತ್ತು. ಸದ್ಯ, ಬೇಗ ಬಿಡಿಸಿಕೊಂಡೆವು. ಟೈಲರ್‌ಗೆ ರೇಗಿಹೋಯಿತು.

'ನನ್ ಕುರ್ಚಿ ನಾನೇ ತಳ್ಕತೀನಿ. ಇನ್ನೊಬ್ರು ತಳ್ಳುದ್ರೆ ಅವ್ರು ಆಡ್ದಂಗೆ, ನಾನಲ್ಲ.'

ಮರುದಿನ ಅವಳೇ ಎರಡು ಪಟ್ಟಿ ಹೊಲಿದು ತಂದಳು. ಒಂದು ಅಗಲವಾದದ್ದು, ಎಡತೋಳಿಗೆ ವಂಕಿಯಂತೆ ಹಾಕಿಕೊಂಡು ಅದಕ್ಕೆ ಹಳದಿ ಹಗ್ಗ ಕಟ್ಟುವುದು. ಇನ್ನೊಂದು ಸಣ್ಣದು, ಕೋಲನ್ನು ಬಲಗೈ ಮಣಿಕಟ್ಟಿಗೆ ತೂಗುಬಿಡುವುದು. ತಳ್ಳುವಾಗ ಕೋಲು ಬಿಟ್ಟರೆ ಅಲ್ಲೇ ನೇತಾಡುತ್ತದೆ, ತಾಕಿಸುವಾಗ ಹಿಡಿದರಾಯಿತು. ನನ್ನ ಪಾಲಿಗೆ ಉಳಿದದ್ದು ತಾಳ. ನಾವು ಮೂರು ಹೆಜ್ಜೆ ಇಟ್ಟು ನಾಲ್ಕನೆಯದಕ್ಕೆ ಕೋಲು ಹೊಡೆಯುತ್ತೇವೆ. ಅವಳು ಮೊದಲನೆಯದಕ್ಕೆ ಒಮ್ಮೆ ಜೋರಾಗಿ ತಳ್ಳಿದರೆ ಕುರ್ಚಿ ಮುಂದಿನ ಎರಡಕ್ಕೆ ತಾನೇ ಜಾರಿಕೊಂಡು ಹೋಗುತ್ತದೆ, ನಾಲ್ಕನೆಯದಕ್ಕೆ ಕೋಲು. ಹಾಡಿನ ಓಟ ಒಂದು ಚೂರು ತಗ್ಗಿಸಬೇಕಾಯಿತು, ಅಷ್ಟೇ. ತಗ್ಗಿಸಿದ ಮೇಲೆ ನೋಡಿದರೆ ಉಳಿದವರ ಏದುಸಿರೂ ನಿಂತಿತ್ತು.

ದಾರಿ ತಪ್ಪದಿರಲೆಂದು ನಾನೇ ಒಂದು ಸಾಲು ಕಟ್ಟಿಕೊಂಡಿದ್ದೆ, 'ಮನೆಗೆ ಬಾರೇ ತಂಗಿ, ಬೀದಿಗೋಗೇ ಅಕ್ಕ'. ಬಲಕ್ಕೆ ಸುತ್ತುವವರು ತಂಗಿಯರು, ಎಡಕ್ಕೆ ಸುತ್ತುವವರು ಅಕ್ಕಂದಿರು. ಎದುರಾಗುವ ಪ್ರತಿ ಸಲವೂ ಅದನ್ನು ಹಾಡಬೇಕು, ಒಮ್ಮೆ ತಂಗಿಗೆ ಮನೆ, ಒಮ್ಮೆ ಅಕ್ಕನಿಗೆ ಮನೆ. ಮೊಮ್ಮಗಳು ಎಣಿಸಲಾರಳು, ಆದರೆ ತನ್ನ ಪಾಲಿಗೆ 'ಮನೆ' ಎಂಬ ಮಾತು ಕಿವಿಗೆ ಬಿದ್ದ ಕೂಡಲೇ ಗಿಡ್ಡ ಬಾಗಿಲಲ್ಲಿ ನುಗ್ಗುವವಳ ಹಾಗೆ ತಲೆ ಬಗ್ಗಿಸುತ್ತಿದ್ದಳು, 'ಬೀದಿ' ಎಂದರೆ ಎದೆ ಸೆಟೆಸುತ್ತಿದ್ದಳು. ನಗು ಬರುತ್ತಿತ್ತು. ಆದರೆ ಅದು ಚೆನ್ನಾಗಿಯೂ ಇತ್ತು, ಎಲ್ಲರಿಗೂ ಹಾಗೇ ಮಾಡಲು ಹೇಳಿದೆ. ಈಗ ನನ್ನ ಬೇರೆ ತಂಡಗಳಲ್ಲೂ ಮನೆಗೆ ಹೋಗುವಾಗ ತಲೆ ಬಗ್ಗಿಸುತ್ತಾರೆ.

ಮಾರಿಕುಪ್ಪಂ ಸೊಸೆ ಹಗ್ಗದ ಬಿಗಿತದಿಂದ ನಡುವಿನ ಜಾಗ ಹಿಡಿಯುತ್ತಿದ್ದಳು, ಎದುರು ಬರುವವರನ್ನು ಹೆಜ್ಜೆಯ ಸದ್ದಿನಿಂದ. ಅವಳು ಎಡವಟ್ಟು ಮಾಡಿಕೊಂಡದ್ದು ಒಂದೇ ಕಡೆ, ರಬ್ಬರಿನ ಚಕ್ರಕ್ಕೆ ಸದ್ದೇ ಇಲ್ಲವಲ್ಲ. ಎರಡು ಸಲ ಮಂಡಿ ತಗುಲಿಸಿಕೊಂಡಳು.

'ಅಕ್ಕಾ, ನೀ ಬೆಕ್ಕು ಮಾದ್ರಿ ಬರ್ತೀಯ' ಎಂದಳು ಮಂಡಿ ಉಜ್ಜಿಕೊಳ್ಳುತ್ತ. 'ಏನಾದ್ರು ಸೌಂಡ್ ಮಾಡು.'

ನನ್ನ ಚೀಲದಲ್ಲಿ ಹಳೆಯ ಗೆಜ್ಜೆಯ ಒಂದು ಸರ ಇತ್ತು. ಅದನ್ನು ಚಕ್ರದ ಕಡ್ಡಿಗಳಿಗೆ ಬಿಗಿದೆವು. ಕುರ್ಚಿ ಹೊರಟರೆ ಝಲ್ ಎನ್ನುತ್ತಿತ್ತು. ಮಂಡಿಯ ತೊಂದರೆ ತಪ್ಪಿತು.

ಇಷ್ಟೆಲ್ಲ ಆಯಿತು, ಆದರೆ ಜಡೆ ಬಿಚ್ಚಿಕೊಳ್ಳಲಿಲ್ಲ. ಹೆಣೆಯುವಾಗ ಲಕ್ಷಣವಾಗಿ ಇಳಿಯುತ್ತಿತ್ತು. ತಿರುಗಿದ ಕೂಡಲೇ ಎಲ್ಲೋ ಒಂದು ಕಡೆ ಹಗ್ಗಗಳು ಕಚ್ಚಿಕೊಂಡು, ಎಳೆದರೆ ಇನ್ನೂ ಬಿಗಿದು, ಎಂಟೂ ಜನ ಕೈ ಮೇಲೆತ್ತಿಕೊಂಡು ನಿಲ್ಲುತ್ತಿದ್ದರು. ನಾನು ಏಣಿ ಹತ್ತಿ ಕೈಯಿಂದ ಬಿಡಿಸಬೇಕು. ಮಾರನೆಯ ಸಂಜೆಯೂ ಅದೇ. ಅದರ ಮಾರನೆಯ ಸಂಜೆಯೂ ಅದೇ. ಅಷ್ಟು ದಿನ ಕಲಿಸಿದ ನನಗೆ ಗಂಟು ಎಲ್ಲಿ ಬೀಳುತ್ತದೆಂದು ಸುತ್ತು ನಡೆಯುವಾಗ ಹಿಡಿಯಲಾಗಲಿಲ್ಲ. ಎಂಟು ಜನ ಓಡಾಡುತ್ತಿದ್ದರೆ ನನ್ನ ಕಣ್ಣು ಹೊಸಬರ ಮೇಲೇ ಇರುತ್ತಿತ್ತು.

ಗೆಜ್ಜೆ ಪೂಜೆ ಹತ್ತಿರ ಬಂತು. ಸುತ್ತಲಿನ ಊರುಗಳಿಗೆ ವೀಳ್ಯ ಕಳಿಸಿಯಾಗಿತ್ತು. ಒಂದು ಸಂಜೆ ಎಲ್ಲರೂ ಹೋದ ಮೇಲೆ ಅಧ್ಯಕ್ಷೆ ನನ್ನನ್ನು ಭವನದ ಮುಂದಿನ ಕಟ್ಟೆಯ ಹತ್ತಿರ ನಿಲ್ಲಿಸಿದಳು.

'ಮೇಡಮ್ಮ, ತಪ್ ತಿಳ್ಕೋಬ್ಯಾಡಿ. ಅವ್ಳ್ ಮ್ಯಾಲೆ ನಂಗೇನ್ ಕೋಪ್ವೇ? ನಮ್ಮೂರ್ ಮಗ್ಳು. ಆದ್ರೆ ಜಡೆ ನಿಂತೋದ್ರೆ ಎಂಟೂ ಜನುಕ್ಕೂ ಗೆಜ್ಜೆ ಇಲ್ಲ, ಬಂದೋರ್ ಮುಂದೆ ನಗ್ಪಾಟ್ಲು. ಅವ್ಳ್ ಕೈಗೆ ತಾಳ ಕೊಟ್ಟು ಪಕ್ಕ ಕೂರ್ಸಣ. ಹಳ್ದಿ ಹಗ್ಗ ನನ್ ಮಗ್ಳು ಇಡೀತಾಳೆ. ಅವ್ಳೂ ಇದ್ದಂಗಾಯ್ತು, ಆಟ್ವೂ ಆದಂಗಾಯ್ತು.'

ಅವಳ ಮಾತಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ, ಅದೇ ಕಷ್ಟ. ಕೆಟ್ಟದ್ದಿದ್ದರೆ ಬಾಯಿಗೆ ಬಂದಂತೆ ಬೈದು ಮುಗಿಸುತ್ತಿದ್ದೆ, ನನ್ನ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. 'ನಾಳೆ ಹೇಳುತ್ತೇನೆ' ಎಂದು ಹೊರಟೆ. ತಿರುಗಿದರೆ ಭವನದ ಬಾಗಿಲಲ್ಲಿ ಟೈಲರ್ ಇದ್ದಳು. ಕೇಳಿಸಿಕೊಂಡಿದ್ದಳೆಂದು ಮುಖ ನೋಡಿದರೇ ತಿಳಿಯುತ್ತಿತ್ತು.

ಅವಳ ತೊಡೆಯ ಮೇಲೆ ಪೊಟ್ಟಣವಿತ್ತು. ಎಂಟು ರವಿಕೆ, ರಾಮ ಹಸಿರು, ಕೆಂಪಂಚು. ತೋರಿಸಿದಳು. ಏಳಕ್ಕೆ ಎಲ್ಲ ಮುಗಿದಿತ್ತು. ಎಂಟನೆಯದಕ್ಕೆ ಹುಕ್ಕು ಹಾಕಿರಲಿಲ್ಲ.

'ನಂದು. ನಾಳೆ ನೀವ್ ಏಳುದ್ ಮ್ಯಾಲೆ ಆಕ್ತೀನಿ' ಎಂದಳು. 'ಇಲ್ಲಾಂದ್ರೆ ಅಂಗೇ ಬಿಚ್ಚಿ, ಅವ್ಳ್ ಮಗ್ಳ್ ಅಳ್ತೆಗೆ ಹಿಡಿದ್ಬುಡ್ತೀನಿ. ಬಟ್ಟೆ ಯಾಕ್ ದಂಡ ಮಾಡೋದು.'

ಒಂದು ಕಡೆ ಯಾರನ್ನೂ ಹಿಂದಕ್ಕೆ ಕಳಿಸಬಾರದೆಂಬ ನನ್ನದೇ ಷರತ್ತು, ಇನ್ನೊಂದು ಕಡೆ ಅಪ್ಪನ ಕಟ್ಟು, ಏಳು ಜನರ ಗೆಜ್ಜೆ. ನಡುವೆ ಹುಕ್ಕಿಲ್ಲದ ರವಿಕೆ. ಆವತ್ತು ಗಂಟು ಬಿದ್ದ ಜಡೆಯನ್ನು ನಾನು ಇನ್ನೂ ಬಿಡಿಸಿರಲಿಲ್ಲ. ಏಣಿ ಹತ್ತಿ ಬಿಲ್ಲೆಯ ಸಮೇತ ಕೆಳಗಿಳಿಸಿ, ಹಾಗೇ ಸುತ್ತಿ ಸ್ಕೂಟಿಯ ಮುಂದಿಟ್ಟುಕೊಂಡು ಕ್ಯಾಸಂಬಳ್ಳಿಯ ನನ್ನ ಮನೆಯ ದಾರಿ ಹಿಡಿದೆ.

ಬೆಳಿಗ್ಗೆ ಮನೆಯ ಅಂಗಳದಲ್ಲಿ, ಬಟ್ಟೆ ಒಣಗಿಸುವ ತಂತಿಯ ಕಂಬಕ್ಕೆ ಬಿಲ್ಲೆ ಸಿಕ್ಕಿಸಿ, ತುದಿಯ ಗಂಟಷ್ಟನ್ನು ಕೈಯಿಂದ ಬಿಡಿಸಿ, ಉಳಿದ ಜಡೆಯನ್ನು ಮೇಲಿನಿಂದ ಒಂದೊಂದೇ ಹೆಣಿಗೆಯಾಗಿ ನೋಡುತ್ತಾ ಬಂದೆ. ಮೊದಲು ಮೊಮ್ಮಗಳ ಕೆಂಪು ಹಿಡಿದೆ, ತಪ್ಪು ಅಲ್ಲಿರುತ್ತದೆಂದೇ ನನ್ನ ಲೆಕ್ಕ. ಕೆಂಪು ಒಮ್ಮೆ ಮೇಲೆ, ಒಮ್ಮೆ ಕೆಳಗೆ, ಒಮ್ಮೆ ಮೇಲೆ, ಒಮ್ಮೆ ಕೆಳಗೆ, ತುದಿಯವರೆಗೂ ಹಾಗೇ ಇತ್ತು. ಒಂದು ಕಡೆಯೂ ತಪ್ಪಿಲ್ಲ. ಆಮೇಲೆ ಸೊಸೆಯ ನೀಲಿ. ಅದೂ ಸರಿ. ಆಮೇಲೆ ಹಳದಿ ಹಿಡಿದೆ.

ಹಳದಿ ಎಲ್ಲೂ ಕೆಳಗೆ ಹೋಗಿರಲಿಲ್ಲ.

ನಂಬಿಕೆ ಬರದೆ ಬೆರಳಿಟ್ಟು ಇನ್ನೊಮ್ಮೆ ನೋಡಿದೆ. ಮೇಲೆ, ಮೇಲೆ, ಮೇಲೆ. ಹಳದಿ ಹಗ್ಗ ಜಡೆಯ ಮೇಲೆ ಸುಮ್ಮನೆ ಸುತ್ತಿಕೊಂಡಿತ್ತು, ಹೆಣೆದುಕೊಂಡಿರಲೇ ಇಲ್ಲ. ತುದಿ ಹಿಡಿದು ಸುತ್ತು ಬಿಚ್ಚಿದರೆ ಒಂದೇ ಸಮನೆ ಕಳಚಿ ಬಂತು. ಉಳಿದ ಏಳು ಹಗ್ಗ ತಮ್ಮ ಪಾಡಿಗೆ ತಾವು ಅಲ್ಲೇ ಇದ್ದವು. ಅಷ್ಟು ಸಂಜೆ ಕುರ್ಚಿ ತಳ್ಳಿ ತಳ್ಳಿ ಅಂಗೈ ಕೆಂಪಗೆ ಮಾಡಿಕೊಂಡವಳು ಜಡೆಯೊಳಗೆ ಒಂದು ಸಲವೂ ಬಂದಿರಲಿಲ್ಲ. ನನಗೆ ಅಳು ಬಂತು, ಅದರ ಹಿಂದೆಯೇ ಸಿಟ್ಟೂ ಬಂತು.

ಯಾಕೆಂದು ತಿಳಿಯಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ನಮ್ಮ ಸುತ್ತಿನ ಲೆಕ್ಕದಲ್ಲಿ ಟೈಲರ್ ಮನೆಯಿಂದ ಹಾಯಬೇಕಾದದ್ದು ಇಬ್ಬರು ಎದುರಾದಾಗ ಮಾತ್ರ, ಹಸಿರು ಹಗ್ಗದ ಅಧ್ಯಕ್ಷೆ ಮತ್ತು ಬಿಳಿ ಹಗ್ಗದ ಇನ್ನೊಬ್ಬ ಹೆಂಗಸು. ಆ ಎರಡು ಕಡೆಯೂ ಅವರೇ ಒಳಗೆ ಸೇರಿಕೊಂಡು ಕುರ್ಚಿಗೆ ಬೀದಿ ಬಿಟ್ಟಿದ್ದರು. ಬಿಚ್ಚುವಾಗ ಒಮ್ಮೆ ಹಾಗೆ ದಾರಿ ಬಿಡುವುದು, ಒಮ್ಮೆ ಹಾಡಿನ ಸಾಲು ಕೇಳಿ ಸರಿಯಾದ ದಾರಿ ಹಿಡಿಯುವುದು. ಹೆಣೆದ ದಾರಿ ಒಂದು, ಬಿಚ್ಚುವ ದಾರಿ ಇನ್ನೊಂದು. ಗಂಟು ಬೀಳದೆ ಇನ್ನೇನಾದೀತು?

ಸಂಜೆ ಎಲ್ಲರನ್ನೂ ಕೂರಿಸಿ, ಹಳದಿಯನ್ನು ಮತ್ತೆ ಹಾಗೇ ಸುತ್ತಿ ಇಟ್ಟಿದ್ದ ಜಡೆಯನ್ನು ಕೊಕ್ಕೆಗೆ ಸಿಕ್ಕಿಸಿದೆ. ಅಧ್ಯಕ್ಷೆಯನ್ನು ಕರೆದು ಹಳದಿಯ ತುದಿ ಅವಳ ಕೈಗೇ ಕೊಟ್ಟು, ಬಿಚ್ಚು ಎಂದೆ. ಅವಳು ಸುತ್ತು ಬಿಚ್ಚುತ್ತಾ ಹೋದಳು. ಪೂರ್ತಿ ಕೈಗೆ ಬಂದಾಗ ಅವಳಿಗೆ ಅರ್ಥವಾಯಿತು.

'ಅಯ್ಯೋ... ಮನೆ ದಾರಿ ಇಕ್ಕಟ್ಟು, ಕುರ್ಚಿ ಬ್ಯಾರೆ. ಪಾಪ, ತಿರುಗ್ಸಕ್ಕೆ ಕಷ್ಟ ಆಯ್ತದೆ ಅಂತ ನಾನೇ ಒಳಗ್ ನುಗ್ಬುಡ್ತಿದ್ದೆ ಮೇಡಮ್ಮ.'

'ನಾನೂನೂ ಅಷ್ಟೇಯ' ಎಂದಳು ಬಿಳಿ ಹಗ್ಗದವಳು, ತಲೆ ತಗ್ಗಿಸಿ.

'ನಿನಗೆ ಗೊತ್ತಾಗಲಿಲ್ಲವೇನೇ, ಇವರು ನಿನ್ನ ದಾರಿಗೆ ಬರುತ್ತಿದ್ದದ್ದು?' ಎಂದು ಟೈಲರ್‌ನನ್ನೂ ಬಿಡದೆ ಕೇಳಿದೆ.

'ಗೊತ್ತಾಯ್ತಿತ್ತು. ದೊಡ್ಡೋರು, ಒಳ್ಳೇದುಕ್ಕೇ ದಾರಿ ಬಿಡ್ತವ್ರೆ. ಬ್ಯಾಡಿ ಅಂತ ಎಂಗಂದೇನು?'

ಆಗ ನಾನು ಒಂದು ತೀರ್ಮಾನಕ್ಕೆ ಬಂದೆ, ಎದ್ದು ನಿಂತು ಹೇಳಿದೆ. ಹಳದಿ ಹಗ್ಗ ಇವಳದೇ, ತಾಳದ ಮಾತು ಮುಗಿಯಿತು. ಈ ಭವನದೊಳಗೆ 'ಪಾಪ' ಎಂಬ ಮಾತು ಯಾರ ಬಾಯಿಂದಲೂ ಬರಕೂಡದು. ಯಾರೂ ಯಾರಿಗೂ ದಾರಿ ಬಿಡುವ ಹಾಗಿಲ್ಲ, ನಿಮ್ಮ ದಾರಿ ನೀವು ಹಿಡಿಯಿರಿ, ಎದುರು ಬಂದವಳು ತನ್ನದು ಹಿಡಿಯುತ್ತಾಳೆ. ತಗುಲಿದರೆ ತಗುಲಲಿ. ಇನ್ನೂ ಒಂದು ಇತ್ತು. ಕಾಲಾಗಲಿ ಚಕ್ರವಾಗಲಿ ಯಾರಿಗಾದರೂ ಸೋಕಿದರೆ ಇವರೆಲ್ಲ ಅಲ್ಲೇ ನಿಂತು, ಬಗ್ಗಿ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಿದ್ದರು, ಅಷ್ಟರಲ್ಲಿ ತಾಳ ಹೋಗುತ್ತಿತ್ತು. ಅದನ್ನೂ ನಿಲ್ಲಿಸಿದೆ. ಎಲ್ಲ ಬಾಕಿಯನ್ನೂ ಕೊನೆಯಲ್ಲಿ ಸೇರಿಸಿ ಒಂದೇ ನಮಸ್ಕಾರ ಮಾಡಿಕೊಳ್ಳಿ ಎಂದೆ.

'ಬಾಕಿ ಜಾಸ್ತಿ ಆದ್ರೆ?' ಎಂದಳು ಸೊಸೆ. ಎಲ್ಲರೂ ನಕ್ಕರು, ಮೊಮ್ಮಗಳು ಕಾರಣ ತಿಳಿಯದಿದ್ದರೂ ಎಲ್ಲರಿಗಿಂತ ಜೋರಾಗಿ ನಕ್ಕಳು.

ಹೇಳಿದಷ್ಟು ಸುಲಭವಾಗಿ ಅಭ್ಯಾಸ ಬಿಟ್ಟುಹೋಗುತ್ತದೆಯೇ? ಅಧ್ಯಕ್ಷೆಯ ಕಾಲು ಕುರ್ಚಿ ಕಂಡೊಡನೆ ತಾನಾಗಿ ಒಳಗೆ ಸರಿಯುತ್ತಿತ್ತು. ಜೀವನವಿಡೀ ಇನ್ನೊಬ್ಬರಿಗೆ ಅನುಕೂಲ ಮಾಡಿಕೊಟ್ಟ ಕಾಲು, ಪಾಪ, ಅದೇನು ಮಾಡೀತು. (ನಾನು ಈಗ ಭವನದ ಹೊರಗಿದ್ದೇನೆ, ಅನ್ನಬಹುದು.) ಅವರಿಬ್ಬರನ್ನೇ ಎದುರುಬದುರು ನಿಲ್ಲಿಸಿ, ಹಾಡಿಲ್ಲದೆ ಹಗ್ಗವಿಲ್ಲದೆ ಬರೀ ಹಾಯುವುದನ್ನೇ ಮಾಡಿಸಿದೆ. ಕುರ್ಚಿ ಮನೆಗೆ ನುಗ್ಗುವಾಗ ಒಳದಾರಿಗೆ ಓರೆಯಾಗಿ ತಿರುಗಬೇಕು, ಅದಕ್ಕೆ ಎಡಚಕ್ರ ಹಿಡಿದು ಬಲಚಕ್ರವನ್ನಷ್ಟೇ ತಳ್ಳಬೇಕು. ಟೈಲರ್‌ಗೂ ಅದು ಹೊಸದು. ಬಿಚ್ಚುವಾಗ ಎಲ್ಲೋ ಒಂದೊಂದು ಸಲ ಬಿಟ್ಟರೆ ಈವರೆಗೆ ಅವಳನ್ನು ಯಾರೂ ಒಳದಾರಿಗೆ ಬಿಟ್ಟೇ ಇರಲಿಲ್ಲವಲ್ಲ. ಮೊದಲ ಸಲ ಅಧ್ಯಕ್ಷೆಯ ಸೀರೆಯ ನೆರಿಗೆ ಚಕ್ರಕ್ಕೆ ಸಿಕ್ಕಿತು, ಎರಡನೆಯ ಸಲ ಕಾಲ್ಬೆರಳು ಜಜ್ಜಿತು.

'ಬಾಕಿ ಬರ್ಕಳಕ್ಕ' ಎಂದಳು ಟೈಲರ್, ನಿಲ್ಲಿಸದೆ.

'ಬರ್ಕತೀನಿ ಇರು, ನಿನ್ ಸೊಕ್ಕೇ' ಎಂದು ಅಧ್ಯಕ್ಷೆಯೂ ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ನುಗ್ಗಿದಳು. ಇಬ್ಬರ ಕೋಲುಗಳೂ ಠಣ್ಣೆಂದು ತಾಕಿದವು. ಅಷ್ಟು ಗಟ್ಟಿಯಾಗಿ ಅವಳು ಟೈಲರ್‌ನ ಕೋಲಿಗೆ ಹೊಡೆದದ್ದು ಅದೇ ಮೊದಲು. ಅಲ್ಲಿಯವರೆಗೆ ಮೆತ್ತಗೆ ಮುಟ್ಟಿಸುತ್ತಿದ್ದಳು.

ಆಮೇಲಿನ ಸಂಜೆಗಳಲ್ಲಿ ಜಡೆ ಒಂದೊಂದು ದಿನ ಬಿಚ್ಚಿಕೊಂಡಿತು, ಒಂದೊಂದು ದಿನ ಇಲ್ಲ. ಹಳದಿ ಮಾತ್ರ ಹೆಣಿಗೆಯೊಳಗೆ ಕಾಣುತ್ತಿತ್ತು. ಪೂಜೆಯ ಹಿಂದಿನ ದಿನವೂ ಒಮ್ಮೆ ಕಚ್ಚಿಕೊಂಡಿತು. ನಾನು ಧೈರ್ಯದ ಮುಖ ಹಾಕಿಕೊಂಡೇ ಏಣಿ ಹತ್ತಿ ಬಿಡಿಸಿದೆ.

ಗೆಜ್ಜೆ ಪೂಜೆಯ ದಿನ ಭವನದ ಒಳಗೂ ಹೊರಗೂ ಜನ. ಬಾಗಿಲಿಲ್ಲದ ಕಿಟಕಿಗಳ ತುಂಬ ತಲೆಗಳು. ದೇವರ ಪಟದ ಮುಂದೆ ಎಂಟು ಜೊತೆ ಗೆಜ್ಜೆ, ಅರಿಶಿನ ಕುಂಕುಮ ಹಚ್ಚಿ ಇಟ್ಟಿದ್ದೆವು. ಎಂಟು ಜನ ರಾಮ ಹಸಿರು ರವಿಕೆಯಲ್ಲಿ ಬಂದರು. ಟೈಲರ್ ಹಾದು ಹೋಗುವಾಗ ಬೇಕೆಂದೇ ನೋಡಿದೆ, ಹುಕ್ಕು ಹಾಕಿದ್ದಳು.

ಹಾಡು ಎತ್ತಿಕೊಟ್ಟೆ. ಹೆಣೆಯುವುದು ಚೆನ್ನಾಗಿ ನಡೆಯಿತು. ಜಡೆ ಇಳಿಯಿತು, ಹಳದಿ ಅದರೊಳಗೆ ಮುಳುಗಿ ಮುಳುಗಿ ಏಳುತ್ತಿತ್ತು. ತಿರುಗಿಸಿದೆ. ಬಿಚ್ಚಲು ಶುರುವಾಗಿ ಅರ್ಧ ದಾಟಿರಬೇಕು, ಅಷ್ಟರಲ್ಲಿ ಕಿಟಕಿಯಿಂದ ಯಾವುದೋ ಊರಿನ ಹಿರಿಯರೊಬ್ಬರು ಜೋರಾಗಿಯೇ ಅಂದರು. 'ಕುರ್ಚೀಲಿ ಕುಂತವ್ಳಲ್ಲ, ಪಾಪ, ಎಂಗಾಡ್ತಾಳೆ ನೋಡು!'

ಆ ಮಾತು ಅಧ್ಯಕ್ಷೆಯ ಕಿವಿಗೆ ಬಿತ್ತೋ ಏನೋ. ಎದುರಿಗೆ ಕುರ್ಚಿ ಬರುತ್ತಿತ್ತು, ಅವಳ ಕಾಲು ಸರಕ್ಕನೆ ಒಳಗೆ ಸರಿಯಿತು. ಟೈಲರ್ ಬೀದಿಗೆ ತಳ್ಳಲ್ಪಟ್ಟಳು. ಗುರು ಆ ದಿನ ಹಾಡಬಹುದೇ ಹೊರತು ಸುತ್ತಿನ ನಡುವೆ ತಿದ್ದುವ ಹಾಗಿಲ್ಲ.

ಒಂದೆರಡು ಹೆಜ್ಜೆಯೂ ಆಗಿರಲಿಲ್ಲ, ಸೊಸೆ ನಿಂತಳು. 'ಇರುಂಗ, ಇರುಂಗ!' ಎಂದು ಕೂಗಿದಳು. ಗಾಬರಿಯಾದರೆ ಅವಳಿಗೆ ತಮಿಳೇ ಬರುವುದು, ನಿಲ್ಲಿ ನಿಲ್ಲಿ ಎಂದರ್ಥ. ನೀಲಿ ಹಗ್ಗ ಬಿಗಿಯಾದದ್ದು ಅವಳ ಕೈಗೆ ತಿಳಿದಿತ್ತು. ಎಂಟು ಜನವೂ ಇದ್ದಲ್ಲೇ ನಿಂತರು. ಕಿಟಕಿಗಳಲ್ಲಿ ಗುಸುಗುಸು ಎದ್ದಿತು. 'ನಿಂತೋಯ್ತು' ಎಂದು ಯಾರೋ ಅಂದರು.

ಟೈಲರ್ ಕುರ್ಚಿಯನ್ನು ಹಿಂದಕ್ಕೆ ಉರುಳಿಸಿದಳು.

'ಅಕ್ಕಾ' ಎಂದಳು ಅಧ್ಯಕ್ಷೆಗೆ, ಎಲ್ಲರಿಗೂ ಕೇಳುವಷ್ಟು ಗಟ್ಟಿಯಾಗಿ. 'ಇಂದಕ್ ಬಾ. ಮನೆ ನಂದು. ನೀನ್ ಬೀದಿಗೋಗು.'

ಅಧ್ಯಕ್ಷೆ ಒಂದು ಕ್ಷಣ ಅವಳ ಮುಖ ನೋಡಿದಳು. ಊರೆದುರು ಅವಳಿಗೆ ಯಾರೂ ಹಾಗೆ ಹೇಳಿದ್ದಿಲ್ಲ. ಆಮೇಲೆ ಹಿಂದಕ್ಕೆ ಹೆಜ್ಜೆ ಹಾಕಿ, ಬೀದಿಗೆ ಸರಿದು, ಕೋಲೆತ್ತಿ ಠಣ್ಣೆಂದು ಹೊಡೆದಳು. ಕುರ್ಚಿ ಓರೆಯಾಗಿ ಒಳಗೆ ಹೊಕ್ಕಿತು. ಹಾಡನ್ನು ಮತ್ತೆ ಎತ್ತಿಕೊಂಡದ್ದು ನಾನಲ್ಲ, ಮೊಮ್ಮಗಳು. ತಲೆ ಬಗ್ಗಿಸಿಕೊಂಡೇ 'ಮನೆಗೆ ಬಾರೇ' ಎಂದು ಕಿರುಚಿದಳು, ಉಳಿದವರು ಸೇರಿಕೊಂಡರು. ಸುತ್ತು ನಡೆಯಿತು. ಕೊನೆಯ ಹೆಣಿಗೆ ಕಳಚಿ ಎಂಟು ಹಗ್ಗ ಬೇರೆ ಬೇರೆಯಾಗಿ ಇಳಿಬಿದ್ದಾಗ ಕಿಟಕಿಗಳಿಂದ ಚಪ್ಪಾಳೆ ಬಂತು. ಆ ಎಂಟು ಜನ ಅದನ್ನು ಕೇಳಿಸಿಕೊಳ್ಳುವ ಸ್ಥಿತಿಯಲ್ಲಿರಲಿಲ್ಲ. ಒಬ್ಬರನ್ನೊಬ್ಬರು ಮುಟ್ಟಿ ಮುಟ್ಟಿ ಕಣ್ಣಿಗೊತ್ತಿಕೊಂಡು ಬಾಕಿ ತೀರಿಸುತ್ತಿದ್ದರು.

ನಡುವೆ ನಿಂತದ್ದು ತಪ್ಪಲ್ಲವೇ ಎಂದು ಕೇಳಿದವರಿದ್ದಾರೆ. ಅಪ್ಪನ ಕಟ್ಟು ನನಗೆ ಬಾಯಿಪಾಠ. ಗಂಟು ಉಳಿಯಬಾರದು ಎಂದಿದ್ದ, ಹಿಂದಕ್ಕೆ ಹೋಗಿ ಸರಿಮಾಡಿಕೊಳ್ಳಬಾರದು ಎಂದು ಯಾವತ್ತೂ ಅಂದಿರಲಿಲ್ಲ.

ಗೆಜ್ಜೆ ಕಟ್ಟಲು ಕೂತೆ. ಮೊಮ್ಮಗಳು ಕಟ್ಟಿದ್ದೇ ತಡ ಕುಣಿದಾಡಿದಳು. ಸೊಸೆ ಕಾಲು ಅಲ್ಲಾಡಿಸಿ ಸದ್ದು ಕೇಳಿ ಒಪ್ಪಿದಳು. ಅಧ್ಯಕ್ಷೆಯ ಕಣ್ಣು ಒದ್ದೆಯಾಗಿತ್ತು. ಟೈಲರ್ ಎದುರಿಗೆ ಬಂದಾಗ ನನ್ನ ಕೈ ತಾನಾಗಿ ಚಕ್ರದ ಕಡೆ ಹೋಯಿತು, ಅಷ್ಟು ದಿನ ಗೆಜ್ಜೆ ಇದ್ದದ್ದು ಅಲ್ಲೇ.

'ಅದು ಅವ್ಳ್ ಕಿವೀಗೆ ಕಟ್ಟಿರೋದು ಮೇಡಮ್ಮ' ಎಂದಳು, ಸೊಸೆಯ ಕಡೆ ತೋರಿಸಿ. ಎರಡೂ ಕೈಯಿಂದ ತನ್ನ ಬಲಗಾಲನ್ನು ಎತ್ತಿ ನನ್ನ ಮಡಿಲಿನ ಮೇಲಿಟ್ಟಳು. 'ನಂದು ಇಲ್ಲಿ. ಬಿಗಿ ಆದ್ರೆ ನಂಗ್ ಗೊತ್ತಾಗಲ್ಲ, ನೀವೇ ನೋಡ್ಕಂಡ್ ಕಟ್ಟಿ.'

ಬೆರಳೊಂದು ಆಡುವಷ್ಟು ಸಡಿಲ ಬಿಟ್ಟು ಕಟ್ಟಿದೆ. ಇನ್ನೊಂದು ಕಾಲಿಗೂ ಕಟ್ಟಿದೆ. ನನ್ನ ಕಣ್ಣು ಮಂಜಾಗಿ ಗಂಟು ಎರಡು ಸಲ ಹಾಕಬೇಕಾಯಿತು.

ಎಂಟು ಜನ ಸಾಲಾಗಿ ಭಜನೆ ಮಂದಿರದ ಕಡೆ ಹೊರಟರು. ಮುಂದೆ ಸೊಸೆ, ಅವಳ ಹಿಂದೆಯೇ ಕುರ್ಚಿ. ಹೊಸಿಲು ದಾಟುವಾಗ ಕುರ್ಚಿ ಧಡಕ್ಕೆಂದು ಎಗರಿತು, ಕಾಲುಗಳು ಅಲುಗಿ ಗೆಜ್ಜೆ ಝಣಝಣ ಎಂದಿತು. ಸೊಸೆ ಥಟ್ಟನೆ ನಿಂತು ಕತ್ತು ಹೊರಳಿಸಿದಳು.

'ಯಾರ್ದು ಇದು? ಹೊಸ ಸೌಂಡು. ಚಕ್ರದ್ದು ಅಲ್ಲ.'

'ನಂದು ಕಣೇ' ಎಂದಳು ಟೈಲರ್. 'ನನ್ ಕಾಲ್ದು.'